ಪದ ಪರಿಚಯ: ಸ್ಟಾರ್ಟಪ್ ಆ್ಯಪ್

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡುವುದು ಕೆಲಸ. ಲ್ಯಾಪ್‌ಟಾಪ್ ನೋಡುವುದು ಹಾಗೇ ಅಂಟಿಕೊಂಡಿದ್ದು. ಮೊನ್ನೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ ಕಾಕಾ ಒಬ್ಬರು ಮಗನ ಲ್ಯಾಪ್‌ಟಾಪ್ ತಂದರು. "ಚಾಲೂ ಮಾಡಿ ಚಾ ಕುಡದು ಬಂದ್ರೂ ಇನ್ನೂ ತಿರಗತಿರತೈತ್ರಿ" ಅಂದರು. ನೋಡಿ, "ಸ್ಟಾರ್ಟಪ್ ಜಾಸ್ತಿ ಅದಾವ್ರಿ ಕಾಕಾ" ಅಂದೆ.

"ಏ, ನಮ್ಮ ಹುಡುಗ ಕಂಪನಿ ಗಿಂಪನಿ ಏನೂ ತಗದಿಲ್ರಿ!"

ತಪ್ಪು ಅವರದಲ್ಲ. ಹೊಸ ಉದ್ದಿಮೆಗೂ ಅದೇ ಹೆಸರು ಅಲ್ವಾ? ಕಂಪ್ಯೂಟರಿನಲ್ಲಿ ಸ್ಟಾರ್ಟಪ್ ಆ್ಯಪ್ ಅಂದರೆ, ನೀವು ಲಾಗಿನ್ ಆದ ಕೂಡಲೇ, ಯಾರೂ ಕ್ಲಿಕ್ ಮಾಡದೆ ತಾನೇ ಶುರುವಾಗುವ ಪ್ರೋಗ್ರಾಂ. ಇಂಡಿ ಬಸ್ ಇನ್ನೂ ನಿಂತೇ ಇರುವುದಿಲ್ಲ, ಕಿಟಕಿಯಿಂದ ಟವೆಲ್ ಬಿದ್ದಿರುತ್ತದೆ. ಇವೂ ಹಾಗೇ. ಕೆಲಸ ಇರಲಿ ಬಿಡಲಿ, ಮೊದಲು ಬಂದು, ತೆರೆದ ಪ್ರೋಗ್ರಾಂಗಳು ಕೂರುವ ಮೆಮೊರಿ ಅಂದರೆ ರ್‍ಯಾಮ್‌ನಲ್ಲಿ ಸೀಟು ಹಿಡಿಯುತ್ತವೆ. ನಿಮಗೆ ಬೇಕಾದ ಪ್ರೋಗ್ರಾಂ ನಿಂತುಕೊಂಡು ಬರಬೇಕು.

ಇವನ್ನು ಯಾರು ಕರೆದರು? ಬಹಳ ಸಲ ನಾವೇ. ಇನ್‌ಸ್ಟಾಲ್ ಮಾಡುವಾಗ ಓದದೆ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತೇವೆ. ಟಿಕ್ ಮೊದಲೇ ಬಿದ್ದಿರುತ್ತದೆ. ಕೆಲವು ಕೇಳುವುದೂ ಇಲ್ಲ.

ವಿಂಡೋಸ್‌ನಲ್ಲಿ ಇವನ್ನು ನೋಡುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಅಂತ ಒಂದು ಭಾಗ. 2012ರ ವಿಂಡೋಸ್ 8ರಿಂದ ಇದು ಇಲ್ಲಿದೆ. ಅದಕ್ಕೂ ಮೊದಲು ಎಂಎಸ್‌ಕಾನ್ಫಿಗ್ ಅನ್ನುವ ಬೇರೆ ಸೆಟ್ಟಿಂಗ್ ಕಿಟಕಿ ತೆರೆಯಬೇಕಿತ್ತು. ಶುರುವಾಗುವಾಗ ಎಷ್ಟು ಭಾರ ಹಾಕುತ್ತದೆ ಅಂತ ಒಂದೊಂದರ ಮುಂದೆ ಹೈ, ಮೀಡಿಯಂ, ಲೋ ಅಂತ ಬರೆದಿರುತ್ತದೆ. ಶುರುವಾಗುವಾಗ ಪ್ರೊಸೆಸರಿನ 1 ಸೆಕೆಂಡಿಗಿಂತ ಜಾಸ್ತಿ ಸಮಯ ತಿಂದರೆ, ಇಲ್ಲವೇ ಡಿಸ್ಕಿನಲ್ಲಿ 3 ಎಂಬಿಗಿಂತ ಜಾಸ್ತಿ ಓದಿ ಬರೆದರೆ, ಅದು ಹೈ.

ಕಾಕಾನ ಲ್ಯಾಪ್‌ಟಾಪಿನಲ್ಲಿ 14 ಇದ್ದವು. ಗೇಮಿನವು ಎರಡು, ಮೀಟಿಂಗಿನದು ಒಂದು, ಹಾಡಿನದು ಒಂದು. ಪ್ರಿಂಟರಿನದೂ ಒಂದಿತ್ತು, ಆ ಪ್ರಿಂಟರ್ ಮಾರಿ ಎರಡು ವರ್ಷ ಆಯಿತಂತೆ! ಒಂಬತ್ತರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಟ್ಟೆ.

ಕಂಡಿದ್ದೆಲ್ಲ ಆಫ್ ಮಾಡಬೇಡಿ. ಹಿಂದೊಮ್ಮೆ ಗಡಿಬಿಡಿಯಲ್ಲಿ ಒಬ್ಬರ ಟಚ್‌ಪ್ಯಾಡಿನದನ್ನೇ ಆಫ್ ಮಾಡಿದ್ದೆ. ಎರಡು ಬೆರಳಲ್ಲಿ ಪುಟ ಸರಿಸಲು ಬರುತ್ತಿಲ್ಲ ಅಂತ ಮರುದಿನ ಅಂಗಡಿಗೆ ಬಂದು ನಿಂತರು. ಆಂಟಿವೈರಸ್, ಸೌಂಡ್, ಟಚ್‌ಪ್ಯಾಡ್ ಇರಲಿ. ನನ್ನ ಸಿಸ್ಟಮ್‌ನಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶವನ್ನೂ ನಾನೇ ಸ್ಟಾರ್ಟಪ್‌ಗೆ ಹಾಕಿಕೊಂಡಿದ್ದೇನೆ. ಗಿರಾಕಿ ಎದುರಿಗೆ ಕೂತು ಅರ್ಜಿ ಹೇಳುವಾಗ ಅದನ್ನು ಹುಡುಕುತ್ತಾ ಕೂರಲು ಆಗುವುದಿಲ್ಲ. ಫೋಟೋ ಬ್ಯಾಕಪ್ ಮಾಡುವ ಆ್ಯಪ್ ಆಫ್ ಮಾಡಿದರೆ, ನೀವಾಗಿ ತೆರೆಯುವ ತನಕ ಬ್ಯಾಕಪ್ ಆಗುವುದಿಲ್ಲ.

ಸರ್ವೀಸ್ ಅನ್ನುವುದು ಬೇರೆ, ಅವು ಪರದೆಯ ಮೇಲೆ ಕಾಣದೆ ಹಿಂದೆ ಕೆಲಸ ಮಾಡುವ ಪ್ರೋಗ್ರಾಂಗಳು. ಅವುಗಳಲ್ಲಿ ಬಹಳಷ್ಟು ಲಾಗಿನ್‌ಗೂ ಮೊದಲೇ ಶುರುವಾಗಿರುತ್ತವೆ, ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಗೊತ್ತಿಲ್ಲದೆ ಅವಕ್ಕೆ ಕೈ ಹಾಕಬೇಡಿ. ಮ್ಯಾಕ್‌ನಲ್ಲಿ ಸ್ಟಾರ್ಟಪ್ ಆ್ಯಪ್‌ಗಳಿಗೆ ಲಾಗಿನ್ ಐಟಮ್ಸ್ ಅಂತ ಹೆಸರು. ಇನ್ನು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇಷ್ಟರಿಂದಲೇ ಪೂರ್ತಿ ಸರಿಹೋಗುವುದಿಲ್ಲ. ಅದರ ಬದಲು ತಿರುಗುವ ಭಾಗವೇ ಇಲ್ಲದ, ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸುವುದೇ ಮೇಲು.

ಸಂಜೆ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಗೇಮ್ ಅಳಿಸಿಬಿಟ್ರೇನ್ರಿ?"

"ಇಲ್ಲೋ ತಮ್ಮಾ, ಅಲ್ಲೇ ಐತಿ. ಐಕಾನ್ ಒತ್ತು, ಬರತೈತಿ."