ಶಸ್ತ್ರಚಿಕಿತ್ಸೆ ರದ್ದಾದರೆ ಅರಿವಳಿಕೆಗೆ ಬಿಲ್ ಮಾಡಬಹುದೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದು ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ (ಬಿಲ್ಲಿಗಾಗಿ ಚಿಕಿತ್ಸೆಗಳನ್ನು ಕೋಡ್‌ಗಳಲ್ಲಿ ಬರೆಯುವ ಕೆಲಸ) ಮಾಡುತ್ತೇನೆ. ಶಸ್ತ್ರಚಿಕಿತ್ಸೆ ನಡೆಯದೆ ರದ್ದಾದಾಗ ಅರಿವಳಿಕೆ ತಜ್ಞರ ಶುಲ್ಕಕ್ಕೆ ಯಾವ ಕೋಡ್ ಹಾಕಬೇಕು?

ಉತ್ತರ: ರದ್ದಾದ ಗಳಿಗೆ ಯಾವುದು ಎಂಬುದರ ಮೇಲೆ ಕೋಡ್ ನಿಂತಿದೆ. ಆದ್ದರಿಂದ ಇಂಡಕ್ಷನ್, ಅಂದರೆ ರೋಗಿಗೆ ಅರಿವಳಿಕೆ ಕೊಡಲು ಆರಂಭಿಸಿದ ಹಂತ, ಆಗಿತ್ತೇ ಎಂಬುದನ್ನು ಅರಿವಳಿಕೆ ದಾಖಲೆಯಲ್ಲಿ ಮೊದಲು ಹುಡುಕಿ.

ಇಂಡಕ್ಷನ್‌ಗೆ ಮುಂಚೆಯೇ ರದ್ದಾಗಿದ್ದರೆ ಅರಿವಳಿಕೆಯ ಕೋಡ್ ಹಾಕುವಂತಿಲ್ಲ. ತಜ್ಞರು ರೋಗಿಯ ಪೂರ್ವೇತಿಹಾಸ ಕೇಳಿ, ಪರೀಕ್ಷಿಸಿ, ತಮ್ಮ ತೀರ್ಮಾನವನ್ನು ಬರೆದಿಟ್ಟಿದ್ದರೆ ಆ ತಪಾಸಣೆಯನ್ನು ಸೂಕ್ತವಾದ ಇ ಅಂಡ್ ಎಂ (ರೋಗಿಯನ್ನು ನೋಡಿ ಪರೀಕ್ಷಿಸಿದ್ದಕ್ಕೆ ಹಾಕುವ) ಕೋಡ್‌ನಲ್ಲಿ ಕ್ಲೇಮ್ ಮಾಡಬಹುದು. ರೋಗಿ ಬೆಳಗಿನ ತಿಂಡಿ ತಿಂದು ಬಂದಿದ್ದಾರೆಂದು ದಾದಿಯರೇ ವಾಪಸು ಕಳುಹಿಸಿದ್ದು, ತಜ್ಞರು ಅವರನ್ನು ನೋಡಿಯೇ ಇಲ್ಲವಾದರೆ, ತಜ್ಞರ ಹೆಸರಿನಲ್ಲಿ ಬಿಲ್ ಮಾಡಲು ಏನೂ ಇರುವುದಿಲ್ಲ.

ಇಂಡಕ್ಷನ್ ಆದ ಮೇಲೆ ರದ್ದಾಗಿದ್ದರೆ, ಯೋಜಿಸಿದ್ದ ಶಸ್ತ್ರಚಿಕಿತ್ಸೆಯ ಅರಿವಳಿಕೆ ಕೋಡನ್ನೇ ಬೇಸ್ ಯೂನಿಟ್ (ಹಣ ಲೆಕ್ಕಹಾಕಲು ಆ ಕೋಡಿಗೆ ನಿಗದಿಯಾದ ಮೂಲ ಅಂಕ) ಮತ್ತು ಕಳೆದ ಸಮಯದೊಂದಿಗೆ ಹಾಕಬೇಕು. ಪಿತ್ತಕೋಶವನ್ನು ಲ್ಯಾಪರೋಸ್ಕೋಪಿಯಿಂದ ತೆಗೆಯಬೇಕಿತ್ತು ಎಂದಿಟ್ಟುಕೊಳ್ಳೋಣ. ಅದರ ಅರಿವಳಿಕೆ ಕೋಡ್ 00790, ಬೇಸ್ ಯೂನಿಟ್ 7. ತಜ್ಞರು 7:40ಕ್ಕೆ ಕೆಲಸ ಆರಂಭಿಸಿದರು. ರೋಗಿ ನಿದ್ರೆಗೆ ಜಾರಿದ ನಂತರ ಹೃದಯದ ಬಡಿತ ಏರುಪೇರಾಗಿ, ಚರ್ಮಕ್ಕೆ ಕತ್ತಿ ತಾಗುವ ಮೊದಲೇ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟರು. 8:16ಕ್ಕೆ ತಜ್ಞರು ರೋಗಿಯನ್ನು ಚೇತರಿಕೆ ಕೊಠಡಿಯ ದಾದಿಯರಿಗೆ ಒಪ್ಪಿಸಿದರು. ಒಟ್ಟು 36 ನಿಮಿಷ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ 15 ನಿಮಿಷಕ್ಕೆ ಒಂದು ಯೂನಿಟ್ ಆದ್ದರಿಂದ ಅದು 2.4, ಬೇಸ್ ಸೇರಿ 9.4 ಯೂನಿಟ್. ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆ ಬೇಸ್ ಯೂನಿಟ್‌ನಲ್ಲೇ ಅಡಕವಾಗಿರುವುದರಿಂದ ಅದಕ್ಕೆ ಬೇರೆ ಕೋಡ್ ಸೇರಿಸಬಾರದು. 53 ಎಂಬ ಮಾಡಿಫೈಯರ್ (ಚಿಕಿತ್ಸೆ ಅರ್ಧಕ್ಕೆ ನಿಂತಿತೆಂದು ತಿಳಿಸಲು ಕೋಡಿಗೆ ಸೇರಿಸುವ ಅಂಕಿ) ಬೇಕೇ ಎಂಬುದನ್ನು ಆಯಾ ವಿಮಾ ಕಂಪನಿಯ ನಿಯಮದಲ್ಲಿ ನೋಡಿ.

ಹೊಸಬರು ಹೆಚ್ಚಾಗಿ ಎಡವುವುದು 73 ಮತ್ತು 74 ಎಂಬ ಮಾಡಿಫೈಯರ್‌ಗಳಲ್ಲಿ. ಇವೆರಡೂ ಹೊರರೋಗಿ ಶಸ್ತ್ರಚಿಕಿತ್ಸೆಯ ಆಸ್ಪತ್ರೆ ಅಥವಾ ಕೇಂದ್ರದ ಬಿಲ್ಲಿಗೆ ಸೇರಿದವೇ ಹೊರತು ವೈದ್ಯರ ಬಿಲ್ಲಿಗಲ್ಲ. ರೋಗಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದು, ಅರಿವಳಿಕೆ ಕೊಡುವ ಮೊದಲು ನಿಲ್ಲಿಸಿದರೆ 73, ಆಗ ಮೆಡಿಕೇರ್ ಅರ್ಧ ಹಣ ಕೊಡುತ್ತದೆ; ಅರಿವಳಿಕೆ ಆರಂಭವಾದ ಮೇಲೆ ನಿಂತರೆ 74, ಆಗ ಪೂರ್ಣ ಹಣ ಸಿಗುತ್ತದೆ.

ರೋಗನಿರ್ಣಯದ ಸಾಲಿನಲ್ಲಿ ಶಸ್ತ್ರಚಿಕಿತ್ಸೆಗೆ ಕಾರಣವಾದ ಕಾಯಿಲೆಯನ್ನು ಮೊದಲು ಬರೆದು, ಬಳಿಕ ರದ್ದಾದ ಕಾರಣವನ್ನು ಝಡ್53 ಎಂಬ ರೋಗನಿರ್ಣಯ ಕೋಡ್‌ಗಳ ಸರಣಿಯಿಂದ ಸೇರಿಸಿ. ವೈದ್ಯಕೀಯ ತೊಂದರೆಯಿದ್ದರೆ ಝಡ್53.09, ರೋಗಿಯೇ ಬೇಡವೆಂದಿದ್ದರೆ ಝಡ್53.2ರ ಗುಂಪು. ಕಾರಣ ದಾಖಲೆಯಲ್ಲಿ ಸ್ಪಷ್ಟವಾಗಿರದಿದ್ದರೆ ನೀವಾಗಿ ಊಹಿಸಬೇಡಿ, ತಜ್ಞರಿಗೆ ಪ್ರಶ್ನೆ ಕಳುಹಿಸಿ ಉತ್ತರಕ್ಕಾಗಿ ಕಾಯಿರಿ. ಆ ಬಿಲ್ಲಿನ ಇನ್ನೊಂದು ತುದಿಯಲ್ಲಿ, ಆಗದ ಶಸ್ತ್ರಚಿಕಿತ್ಸೆಗೆ ಹಣ ಏಕೆ ಕೊಡಬೇಕೆಂದು ಕೇಳುವ ರೋಗಿಯಿದ್ದಾರೆ. ಅವರಿಗೆ ಉತ್ತರ ಕೊಡಬೇಕಾದುದು ಆ ದಾಖಲೆಯೇ.