ಮರಿಯ ತಲೆ ಯಾವ ಕಡೆ?

ಕೋಲಾರದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿಗೆ ವರ್ಷಕ್ಕೊಮ್ಮೆ ಕೋಳಿಮೊಟ್ಟೆ ತರಿಸುತ್ತೇನೆ. ಅಂಗಡಿಯ ಫಾರಂ ಮೊಟ್ಟೆ ನಡೆಯುವುದಿಲ್ಲ. ಅಲ್ಲಿ ಕೋಳಿಗಳ ಜೊತೆ ಹುಂಜ ಇರುವುದಿಲ್ಲ, ಮರಿಯಾಗುವ ಮಾತೇ ಇಲ್ಲ. ಹಾಗಾಗಿ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮಕ್ಕಳು ಮನೆಯ ನಾಟಿ ಕೋಳಿ ಮೊಟ್ಟೆಗಳನ್ನು ರಾಗಿ ತುಂಬಿದ ಡಬ್ಬಿಯಲ್ಲಿ ಹೂತಿಟ್ಟು ಬಸ್ಸಿನಲ್ಲಿ ತರುತ್ತಾರೆ.

ಈ ಸಲ ಹುಡುಗಿಯೊಬ್ಬಳು ಡಬ್ಬಿ ಕೊಡುತ್ತಾ ಕೇಳಿದಳು: "ಮೇಡಂ, ಇದರೊಳಗೆ ಮರಿಯ ತಲೆ ಯಾವ ಕಡೆ ಬರಬೇಕು ಅಂತ ಯಾರು ಹೇಳ್ತಾರೆ?"

"ಜೀನ್" ಅಂತ ಹಿಂದಿನ ಬೆಂಚಿನಿಂದ ಉತ್ತರ ಬಂತು. ತಪ್ಪೇನಲ್ಲ. ಆದರೆ ಎಲ್ಲ ಕೋಶಗಳಲ್ಲೂ ಇರುವುದು ಅದೇ ಜೀನ್‌ಗಳು ಅಲ್ವಾ? ಮತ್ತೆ ಈ ಕಡೆಯದು ತಲೆ, ಆ ಕಡೆಯದು ಬಾಲ ಆಗುವುದು ಹೇಗೆ?

ಇದರ ಉತ್ತರ ತಾಯಿ ಕೋಳಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ. ಮೊಟ್ಟೆಗೆ ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಆ ಹೊತ್ತಿನಲ್ಲಿ ಮೊಟ್ಟೆ ಒಳಗೇ ನಿಧಾನವಾಗಿ ಉರುಳುತ್ತಿರುತ್ತದೆ. ಹಳದಿಯ ಮೇಲೆ ಒಂದು ಪುಟ್ಟ ಬಿಳಿ ಬಿಲ್ಲೆ ಇರುತ್ತದೆ. ಮರಿಯಾಗುವುದು ಆ ಬಿಲ್ಲೆಯೇ. ಹಳದಿಯ ಹಗುರ ಭಾಗ ಮೇಲಕ್ಕೆ ಬರಲು ನೋಡುತ್ತದೆ, ಉರುಳುವ ಮೊಟ್ಟೆ ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಈ ಎಳೆದಾಟದಲ್ಲಿ ಬಿಲ್ಲೆ ಓರೆಯಾಗಿ ನಿಲ್ಲುತ್ತದೆ. ಆಗ ಯಾವ ಅಂಚು ಮೇಲಿರುತ್ತದೋ ಅದು ಬಾಲದ ಕಡೆ. ಅಂದರೆ ಮೊದಲ ಸುಳಿವು ಕೊಡುವುದು ಭೂಮಿಯ ಸೆಳೆತ. ಜೀನ್‌ಗಳ ಕೆಲಸ ಆಮೇಲೆ.

ಆ ಅಂಚಿನಲ್ಲಿ ವಿಜಿ1 ಎಂಬ ಜೀನ್ ಎಚ್ಚರಗೊಳ್ಳುತ್ತದೆ. ಅದರ ಪ್ರೋಟೀನ್ ಪಕ್ಕದ ಕೋಶಗಳಿಗೆ ಒಂದು ಸಂದೇಶ. ವಿಂಟ್ ಎಂಬ ಇನ್ನೊಂದು ಸಂದೇಶವೂ ಅಲ್ಲೇ ಇರುತ್ತದೆ. ಎರಡೂ ಸೇರಿ ಪಕ್ಕದ ಕೋಶಗಳಲ್ಲಿ ನೋಡಲ್ ಎಂಬ ಜೀನನ್ನು ಎಬ್ಬಿಸುತ್ತವೆ. ನೋಡಲ್‌ನ ಸೂಚನೆಯಿಂದಾಗಿ, ಕಾವಿಗೆ ಇಟ್ಟು 16–18 ಗಂಟೆ ಆಗುವಷ್ಟರಲ್ಲಿ ಬಿಲ್ಲೆಯ ನಡುವೆ ಉದ್ದನೆಯ ಗೀರು ಮೂಡಿರುತ್ತದೆ. ಮೇಲ್ಪದರದ ಕೋಶಗಳು ಈ ಗೀರಿನಿಂದ ಒಳಕ್ಕೆ ಜಾರುತ್ತವೆ. ತಳಕ್ಕೆ ಇಳಿದವು ಕರುಳಿನ ಒಳಪದರ, ನಡುವೆ ನಿಂತವು ಮೂಳೆ, ಸ್ನಾಯು, ಹೃದಯ, ರಕ್ತ. ಮೇಲೇ ಉಳಿದವು ಚರ್ಮ, ಮಿದುಳು.

ಕೋಳಿ ಮೊಟ್ಟೆ ಇಡುವ ಹೊತ್ತಿಗೇ ಆ ಬಿಲ್ಲೆಯಲ್ಲಿ ಸುಮಾರು 50 ಸಾವಿರ ಕೋಶಗಳಿರುತ್ತವೆ. ಆದರೂ ಗೀರು ಮೂಡುವ ಮೊದಲು ಬಿಲ್ಲೆಯನ್ನು ತುಂಡು ಮಾಡಿದರೆ ಒಂದೊಂದು ತುಂಡಿನಲ್ಲೂ ಪೂರ್ತಿ ಭ್ರೂಣ ಬೆಳೆಯಬಲ್ಲದು. ಸ್ಪ್ರಾಟ್ ಮತ್ತು ಹಾಸ್ ಎಂಬ ವಿಜ್ಞಾನಿಗಳು 1960ರಲ್ಲಿ ಇದನ್ನು ತೋರಿಸಿದರು. ಅಷ್ಟು ಕೋಶಗಳಿದ್ದೂ ಯಾರ ಹಣೆಬರಹವೂ ಇನ್ನೂ ಗಟ್ಟಿಯಾಗಿರುವುದಿಲ್ಲ. ಜೀನ್ ಅಂದರೆ ಮನೆಯ ಪ್ಲಾನ್ ಇದ್ದ ಹಾಗೆ ಅಂತ ನಾವು ಸುಮ್ನೆ ಹೇಳಿಕೊಡುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಮನೆಯ ಪ್ಲಾನ್ ಹರಿದು ಎರಡು ಮಾಡಿದರೆ ಎರಡು ಮನೆ ಆಗುವುದಿಲ್ಲ.

ಮಿದುಳಿನ ವಿಷಯ ಇನ್ನೂ ಸೊಗಸು. 1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ಒಂದು ಪ್ರಯೋಗ ಪ್ರಕಟಿಸಿದರು. ನ್ಯೂಟ್ ಎಂಬ, ಕಪ್ಪೆಯ ಬಳಗದ ಬಾಲವಿರುವ ಪ್ರಾಣಿಯ ಭ್ರೂಣದಿಂದ ಒಂದು ಚೂರು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ನೆಟ್ಟರು. ಅಲ್ಲಿ ಎರಡನೇ ಶರೀರವೇ ಬೆಳೆಯಿತು. ಅದರ ಮಿದುಳು, ಬೆನ್ನುಹುರಿ ಹೆಚ್ಚಾಗಿ ನೆಟ್ಟ ಚೂರಿನವಲ್ಲ, ಆತಿಥೇಯ ಭ್ರೂಣದ ಕೋಶಗಳವು. ಹಿಲ್ಡೆ ಅದೇ ವರ್ಷ ಬೆಂಕಿ ಅವಘಡದಲ್ಲಿ ತೀರಿಕೊಂಡರು. ಸ್ಪೇಮನ್‌ಗೆ 1935ರಲ್ಲಿ ನೊಬೆಲ್ ಬಂತು. ಪಾಠ ಮಾಡುವಾಗ ನಾನು ಹಿಲ್ಡೆಯ ಹೆಸರನ್ನೇ ಮೊದಲು ಹೇಳುತ್ತೇನೆ.

ಆ ಚೂರು ಪಕ್ಕದ ಕೋಶಗಳಿಗೆ ಏನು ಹೇಳಿತು? 'ಮಿದುಳಾಗು' ಅಂದಿರಬೇಕು ಅಂತ ದಶಕಗಳ ಕಾಲ ಹುಡುಕಿದರು. 1990ರ ದಶಕದಲ್ಲಿ ಅಂಥ ಚೂರಿನಲ್ಲಿ ಕೆಲಸ ಮಾಡುವ ನಾಗಿನ್, ಕಾರ್ಡಿನ್ ಎಂಬ ಜೀನ್‌ಗಳು ಸಿಕ್ಕಾಗ ವಿಷಯವೇ ಬೇರೆಯಾಗಿತ್ತು. ಮೇಲ್ಪದರದ ತುಂಬ ಬಿಎಂಪಿ ಎಂಬ ಪ್ರೋಟೀನ್ 'ಚರ್ಮವಾಗು, ಚರ್ಮವಾಗು' ಅಂತ ಕೂಗುತ್ತಿರುತ್ತದೆ. ನಾಗಿನ್, ಕಾರ್ಡಿನ್‌ನ ಪ್ರೋಟೀನ್‌ಗಳು ಆ ಬಿಎಂಪಿಯನ್ನೇ ಹಿಡಿದುಕೊಂಡು ಬಾಯಿ ಮುಚ್ಚಿಸುತ್ತವೆ. ಕೂಗು ತಲುಪದ ಕೋಶಗಳು ಮಿದುಳಿನ ದಾರಿ ಹಿಡಿಯುತ್ತವೆ. ಕಪ್ಪೆ ಭ್ರೂಣದ ಮೇಲ್ಪದರದ ಕೋಶಗಳನ್ನು ಒಂದಷ್ಟು ಗಂಟೆ ಬಿಡಿಬಿಡಿಯಾಗಿ ಇಟ್ಟರೂ ಅವು ನರಕೋಶದ ಕಡೆಗೇ ಹೊರಳುತ್ತವೆ. ಕೋಳಿಯಲ್ಲಿ ಇಷ್ಟೇ ಸಾಲದು, ಮುಂಚೆಯೇ ಎಫ್‌ಜಿಎಫ್ ಎಂಬ ಸಂದೇಶವೂ ತಲುಪಿರಬೇಕು. ಬಿಎಂಪಿ, ನಾಗಿನ್, ಕಾರ್ಡಿನ್ ಮೀನಿನಲ್ಲೂ ಇವೆ, ನಮ್ಮಲ್ಲೂ ಇವೆ.

ಹುಡುಗಿಯ ಪ್ರಶ್ನೆ ಬಾಕಿ ಇತ್ತು. ಅದಕ್ಕೆ ಭ್ರೂಣಶಾಸ್ತ್ರಜ್ಞ ಫಾನ್ ಬೇರ್ ಅವರ ಹಳೆಯ ನಿಯಮವೊಂದಿದೆ. ಮೊಟ್ಟೆಯ ದಪ್ಪ ತುದಿ ನಿಮ್ಮ ಎಡಕ್ಕೆ ಬರುವಂತೆ ಮಲಗಿಸಿದರೆ, ಸಾಮಾನ್ಯವಾಗಿ ಮರಿಯ ತಲೆ ನಿಮ್ಮಿಂದ ಆಚೆ ಕಡೆ ಇರುತ್ತದೆ. ಆರು ಮೊಟ್ಟೆಗಳ ಮೇಲೆ ಅವಳ ಕೈಯಲ್ಲೇ ಪೆನ್ಸಿಲ್‌ನಿಂದ ಬಾಣದ ಗುರುತು ಹಾಕಿಸಿ, 38 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಮಲಗಿಸಿದೆವು.

ಎರಡನೇ ದಿನ ಸಂಜೆ ತೆರೆದೆವು. ಸಣ್ಣ ಕತ್ತರಿಯಿಂದ ಚಿಪ್ಪಿನ ಮೇಲೊಂದು ಕಿಟಕಿ ಕೊರೆದು ಇಣುಕಿದರೆ, ಹಳದಿಯ ಮೇಲೆ ಬೆರಳುಗುರಿಗಿಂತ ಚಿಕ್ಕ, ಗಾಜಿನಂಥ ಭ್ರೂಣ. ಐದರಲ್ಲಿ ತಲೆ ಬಾಣದ ಕಡೆಗೇ ಇತ್ತು. ಒಂದರಲ್ಲಿ ಓರೆಯಾಗಿತ್ತು. ಕಾಗದದ ಬಳೆ ಅಂಟಿಸಿ ಒಂದನ್ನು ಮೇಲೆತ್ತಿ, ಬೆಚ್ಚಗಿನ ಉಪ್ಪುನೀರಿನ ತಟ್ಟೆಗೆ ಬಿಟ್ಟೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಹುಡುಗಿ ತುಂಬ ಹೊತ್ತು ಮಾತಾಡಲಿಲ್ಲ.

"ಮೇಡಂ, ಹೊಡ್ಕೊಳ್ತಾ ಇದೆ" ಅಂದಳು. ಆಮೇಲೆ ಗಡಿಯಾರ ನೋಡಿಕೊಂಡು ಹೃದಯದ ಬಡಿತ ಎಣಿಸತೊಡಗಿದಳು.