ಹಾರಾಟ ನಿಂತಾಗ ವಿಮಾನಗಳೆಲ್ಲ ಎಲ್ಲಿಗೆ ಹೋಗುತ್ತವೆ?

ವಿಮಾನ ನಿಲ್ದಾಣ ಕಟ್ಟುವಾಗ ಯಾರೂ ಎಲ್ಲಾ ವಿಮಾನಗಳಿಗೂ ಜಾಗ ಇಟ್ಟು ಕಟ್ಟುವುದಿಲ್ಲ. ಹಗಲು ಹೊತ್ತಿನಲ್ಲಿ ಬಹಳಷ್ಟು ವಿಮಾನಗಳು ಮೇಲೇ ಇರುತ್ತವೆ. ರಾತ್ರಿ ಇಳಿದವು ಹತ್ತಾರು ಊರುಗಳಲ್ಲಿ ಹಂಚಿಹೋಗಿರುತ್ತವೆ. ಎಲ್ಲವೂ ಒಂದೇ ಸಲ ನೆಲಕ್ಕಿಳಿದರೆ ನಿಲ್ಲಿಸಲು ಜಾಗವೇ ಇರುವುದಿಲ್ಲ.

2020ರ ಮಾರ್ಚ್‌ನಲ್ಲಿ ಆಗಿದ್ದು ಅದೇ. ಕೊರೊನಾ ಬಂತು, ಮೊದಲು ವಿದೇಶದ ಹಾರಾಟ ನಿಂತಿತು. ಮಾರ್ಚ್ 25ರಿಂದ ದೇಶದೊಳಗಿನದೂ ನಿಂತಿತು. ನಮ್ಮ ದೇಶದಲ್ಲೇ 600ಕ್ಕೂ ಹೆಚ್ಚು ವಿಮಾನಗಳು, ಜಗತ್ತಿನಲ್ಲಿ 16 ಸಾವಿರಕ್ಕೂ ಹೆಚ್ಚು ವಿಮಾನಗಳು ಕೆಲವೇ ವಾರಗಳಲ್ಲಿ ನೆಲ ಹಿಡಿದವು. ಮೇ 25ಕ್ಕೆ ದೇಶದೊಳಗೆ ಸ್ವಲ್ಪ ಸ್ವಲ್ಪ ಶುರುವಾಯಿತು. ವಿದೇಶದ ಮಾಮೂಲಿ ವೇಳಾಪಟ್ಟಿಯ ಹಾರಾಟ ಪೂರ್ತಿ ತೆರೆದಿದ್ದು 2022ರ ಮಾರ್ಚ್ 27ಕ್ಕೆ.

ನಾನು ವಿಮಾನ ನಿರ್ವಹಣೆಯ ಎಂಜಿನಿಯರ್. ಹುಟ್ಟಿ ಬೆಳೆದದ್ದು ಚಿತ್ರದುರ್ಗ. ಆ ದಿನಗಳಲ್ಲಿ ಊರಿನವರು ಫೋನ್ ಮಾಡಿದಾಗೆಲ್ಲ, "ನಿಮಗೀಗ ಕೆಲಸ ಇಲ್ಲ ಬಿಡಪ್ಪ, ವಿಮಾನವೇ ಹಾರ್ತಿಲ್ಲವಲ್ಲ" ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನಮಗೆ ಆಗ ಕೈತುಂಬ ಕೆಲಸ. ಹಾರುವ ವಿಮಾನಕ್ಕಿಂತ ನಿಂತ ವಿಮಾನ ಜಾಸ್ತಿ ಆರೈಕೆ ಕೇಳುತ್ತದೆ. ವಿಮಾನವನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದಕ್ಕೂ ಈ ಆರೈಕೆಗೂ ನೇರ ಸಂಬಂಧ ಇದೆ. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಮಾತು. ಕೂಡಲೇ ಸಿಗುವ ಜಾಗ ಅಂದರೆ ವಿಮಾನ ನಿಲ್ದಾಣವೇ. ಮಾಮೂಲಿ ಸಾಲುಗಳು ತುಂಬಿದ ಮೇಲೆ ಟ್ಯಾಕ್ಸಿವೇ, ಅಂದರೆ ರನ್‌ವೇಗೆ ಹೋಗುವ ದಾರಿಯ ಮೇಲೆ ನಿಲ್ಲಿಸುತ್ತಾರೆ. ಅದೂ ತುಂಬಿದರೆ ರನ್‌ವೇ ಮೇಲೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 2020ರ ಮಾರ್ಚ್‌ನಲ್ಲಿ ಒಂದು ರನ್‌ವೇಯನ್ನೇ ಮುಚ್ಚಿ ವಿಮಾನಗಳನ್ನು ನಿಲ್ಲಿಸಿದರು. ಅಮೆರಿಕದ ಅಟ್ಲಾಂಟಾ, ಟಲ್ಸಾ ಕಡೆಯೂ ಹೀಗೇ ಆಯಿತು. ಒಂದರ ರೆಕ್ಕೆಯ ತುದಿಗೆ ಇನ್ನೊಂದರ ಮೂತಿ ಬರುವ ಹಾಗೆ ಓರೆಯಾಗಿ ಜೋಡಿಸಿದರೆ ಜಾಗ ಉಳಿಯುತ್ತದೆ. ಆದರೆ ನಡುವಿನ ಒಂದನ್ನು ಹೊರಗೆ ತೆಗೆಯಬೇಕಾದರೆ ಮುಂದಿನ ನಾಲ್ಕೈದನ್ನು ಎಳೆದು ಸರಿಸಬೇಕು. ಹಾಗಾಗಿ ಯಾವುದು ಮೊದಲು ಹಾರಬೇಕೋ ಅದನ್ನು ಹೊರಗಿನ ಅಂಚಿಗೆ ಇಡುತ್ತಾರೆ. ಈ ಲೆಕ್ಕ ತಪ್ಪಿದರೆ ಟ್ರ್ಯಾಕ್ಟರ್ ಡ್ರೈವರ್‌ಗಳಿಗೆ ಇಡೀ ದಿನ ಅದೇ ಕೆಲಸ.

ಒಂದೆರಡು ತಿಂಗಳಿಗೆ ಇದು ಸಾಕು. ವರ್ಷಗಟ್ಟಲೆ ನಿಲ್ಲಿಸಬೇಕು ಅಂದರೆ ಒಣಹವೆ ಇರುವ ಜಾಗ ಹುಡುಕಬೇಕು. ವಿಮಾನದ ಮೈಯೆಲ್ಲ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹ. ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಆದರೆ ತೇವ ಕೂತ ಕಡೆ ಬಣ್ಣ ಉಬ್ಬುತ್ತದೆ, ಕೆಳಗೆ ಬಿಳಿ ಪುಡಿ ಏಳುತ್ತದೆ. ಕಡಲಿನ ಉಪ್ಪುಗಾಳಿ ಸೇರಿದರಂತೂ ಇನ್ನೂ ಬೇಗ. ನಮ್ಮ ಕಡೆ ಶೇಂಗಾ ಕೂಡಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಲ ಮೇಲಿನಿಂದ ಚೆನ್ನಾಗೇ ಕಾಣುತ್ತದೆ, ತೇವ ಒಳಗೆ ಕೂತು ಬೂಸ್ಟು ಹಿಡಿದಿರುತ್ತದೆ.

ಅದಕ್ಕೇ ವಿಮಾನಗಳು ಮರುಭೂಮಿಗೆ ಹೋಗುತ್ತವೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮತ್ತು ವಿಕ್ಟರ್‌ವಿಲ್, ಅರಿಜೋನಾದ ಮರಾನಾ, ನ್ಯೂ ಮೆಕ್ಸಿಕೋದ ರಾಸ್ವೆಲ್ ಇದಕ್ಕೆ ಹೆಸರುವಾಸಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಪ್ರಯಾಣಿಕರು ಕಡಿಮೆಯಾದಾಗಲೂ ನೂರಾರು ವಿಮಾನಗಳು ಈ ಕಡೆಗೇ ಬಂದಿದ್ದವು. ಯುರೋಪಿನವರಿಗೆ ಸ್ಪೇನಿನ ಟೆರುವೆಲ್. ಅದು 2013ರಲ್ಲಿ ಶುರುವಾದ ವಿಮಾನ ನಿಲ್ದಾಣ, ಸಮುದ್ರಮಟ್ಟಕ್ಕಿಂತ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಪ್ರಯಾಣಿಕರ ಮಾಮೂಲಿ ವಿಮಾನಗಳೇ ಬರುವುದಿಲ್ಲ. ನಿಲ್ಲಿಸುವುದು, ರಿಪೇರಿ ಮಾಡುವುದು, ವಯಸ್ಸಾದದ್ದನ್ನು ಬಿಚ್ಚುವುದು, ಇವೇ ಅಲ್ಲಿನ ಮುಖ್ಯ ಕೆಲಸ. ಕೊರೊನಾ ಕಾಲದಲ್ಲಿ ಲುಫ್ತಾನ್ಸಾ, ಏರ್ ಫ್ರಾನ್ಸ್ ತಮ್ಮ ದೊಡ್ಡ ಏರ್‌ಬಸ್ ಎ380 ವಿಮಾನಗಳನ್ನು ಅಲ್ಲಿಗೆ ಕಳಿಸಿದವು.

ನಮ್ಮ ಏಷ್ಯಾದವರಿಗೆ ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್. ಸಿಂಗಪುರದಲ್ಲಿ ವರ್ಷಪೂರ್ತಿ ಮಳೆ, ಸೆಕೆ, ಬೆವರು. ಅಲ್ಲಿ ವಿಮಾನ ನಿಲ್ಲಿಸಿದರೆ ತೇವದ ಜೊತೆ ಗುದ್ದಾಡುವುದೇ ಆಗುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಸರಾಸರಿ 300 ಮಿ.ಮೀ. ಮಳೆಯೂ ಬೀಳುವುದಿಲ್ಲ. ಸಿಂಗಪುರ್ ಏರ್‌ಲೈನ್ಸ್, ಕ್ಯಾಥೆ ಪೆಸಿಫಿಕ್ ವಿಮಾನಗಳು ಅಷ್ಟು ದೂರ ಹೋಗಿ ನಿಂತದ್ದು ಇದಕ್ಕೇ.

ಇಷ್ಟು ಹೇಳಿದ ಕೂಡಲೇ ನಮ್ಮ ಜಿಲ್ಲೆಯವರ ಮುಂದಿನ ಪ್ರಶ್ನೆ ಬರುತ್ತದೆ. "ಚಳ್ಳಕೆರೆಗಿಂತ ಒಣ ಊರು ಬೇಕಾ? ಇಲ್ಲೇ ನಿಲ್ಲಿಸಬಹುದಲ್ವಾ?" ಪ್ರಶ್ನೆ ಸುಮ್ನೆ ಬಂದದ್ದಲ್ಲ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಕಡಲು ದೂರ. ಹತ್ತಿರದ ವರವು ಕಾವಲಿನಲ್ಲಿ ಡಿಆರ್‌ಡಿಒದ ರನ್‌ವೇ ಇದೆ, 2017ರಲ್ಲಿ ಶುರುವಾದದ್ದು. ಇಸ್ರೊದ ಮರುಬಳಕೆಯ ಬಾಹ್ಯಾಕಾಶ ವಾಹನ ಪುಷ್ಪಕ್ ಅನ್ನು ಹೆಲಿಕಾಪ್ಟರ್‌ನಿಂದ ಕೆಳಗೆ ಬಿಟ್ಟು, ಅದು ತಾನೇ ಇಳಿಯುವ ಪರೀಕ್ಷೆಯನ್ನು 2023 ಮತ್ತು 2024ರಲ್ಲಿ ಮಾಡಿದ್ದು ಅಲ್ಲೇ.

ಆದರೂ ನನ್ನ ಉತ್ತರ ಬೇಡ ಅಂತಲೇ. ಅದು ರಕ್ಷಣಾ ಇಲಾಖೆಯ ಪರೀಕ್ಷಾ ಮೈದಾನ, ಬಾಡಿಗೆಗೆ ಕೊಡುವ ಜಾಗ ಅಲ್ಲ ಅನ್ನುವುದು ಒಂದು. ಎರಡನೆಯದು ನೆಲ. ಅರಿಜೋನಾದ ಟೂಸಾನ್‌ನಲ್ಲಿ ಅಮೆರಿಕದ ವಾಯುಪಡೆ ಹಳೆಯ ವಿಮಾನಗಳನ್ನು ಸಾವಿರಗಟ್ಟಲೆ ನಿಲ್ಲಿಸಿದೆ. ಅಲ್ಲಿನ ಮಣ್ಣು ಎಷ್ಟು ಗಟ್ಟಿ ಎಂದರೆ ಕಾಂಕ್ರೀಟೇ ಬೇಕಿಲ್ಲ, ನೇರ ನೆಲದ ಮೇಲೆ ನಿಲ್ಲಿಸುತ್ತಾರೆ. ಖಾಲಿ ಎ320 ಅಂದರೂ 40 ಟನ್ ಮೇಲೆ ತೂಗುತ್ತದೆ. ಆ ತೂಕ ಪೂರ್ತಿ ಆರು ಚಕ್ರದ ಮೇಲೆ. ನಮ್ಮ ಎರೆಭೂಮಿಯ ಮೇಲೆ ನಿಲ್ಲಿಸಿ ಒಂದು ಹದ ಮಳೆ ಬಂದರೆ ಏನಾಗುತ್ತದೆ ಅಂತ ರೈತರಿಗೆ ಗೊತ್ತು. ಬೇಸಿಗೆ ಗಾಳಿ, ದೂಳು ಬೇರೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಆ ಕಾವಲು ಅಮೃತಮಹಲ್ ದನಗಳ ಹುಲ್ಲುಗಾವಲು, ಕುರಿ ಮೇಯಿಸುವವರ ಬದುಕು, ಕೃಷ್ಣಮೃಗಗಳ ಜಾಗ. ಈಗಾಗಲೇ ಅದರಲ್ಲಿ ಬಹಳಷ್ಟು ಬೇಲಿಯೊಳಗೆ ಹೋಗಿದೆ. ನಿಂತ ವಿಮಾನಕ್ಕಾಗಿ ಇನ್ನೂ ಹುಲ್ಲುಗಾವಲು ಕೇಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಇನ್ನೂ ಒಂದು ಮಾತು. ಒಣಹವೆ ಇದ್ದರೆ ಆಯಿತು ಅಂತ ತಿಳಿಯಬಾರದು. ಹತ್ತಿರದಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್‌ಗಳು, ಟೆಕ್ನಿಷಿಯನ್‌ಗಳು ಬೇಕು. ಬಿಡಿಭಾಗ ಬೇಕು, ಎಳೆಯುವ ಗಾಡಿ ಬೇಕು, ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಒಪ್ಪಿದ ಸಂಸ್ಥೆ ಬೇಕು. ಜನ ಇಲ್ಲದೆ ಬರೀ ಬಯಲಿನಲ್ಲಿ ನಿಂತ ವಿಮಾನ ಮರುಭೂಮಿಯಲ್ಲೂ ಕೆಡುತ್ತದೆ.

ಹಾಗಾದರೆ ಆ ಜನ ಏನು ಮಾಡುತ್ತಾರೆ?

ವಿಮಾನ ನಿಂತ ದಿನವೇ ಬಾಯಿ ಮುಚ್ಚುವ ಕೆಲಸ ಶುರು. ಎಂಜಿನ್‌ನ ಮುಂದೆ, ಹಿಂದೆ ಕವರ್. ಬಾಲದಲ್ಲಿರುವ ಎಪಿಯು ಅನ್ನುವ ಸಣ್ಣ ಎಂಜಿನ್‌ನ ದಾರಿಗೆ ಕವರ್. ಕಿಟಕಿಗಳಿಗೆ ಒಳಗಿನಿಂದ ಬೆಳ್ಳಿಬಣ್ಣದ ಹಾಳೆ, ಇಲ್ಲದಿದ್ದರೆ ಬಿಸಿಲಿಗೆ ಸೀಟು, ಪ್ಲಾಸ್ಟಿಕ್ ಎಲ್ಲ ಬಣ್ಣ ಕಳೆದುಕೊಳ್ಳುತ್ತವೆ. ಕುಡಿಯುವ ನೀರು, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುತ್ತೇವೆ. ಬ್ಯಾಟರಿ ಕನೆಕ್ಷನ್ ತೆಗೆಯುತ್ತೇವೆ. ಲ್ಯಾಂಡಿಂಗ್ ಗೇರ್‌ನ ಹೊಳೆಯುವ ಕೊಳವೆಗೆ ಗ್ರೀಸ್ ಬಳಿಯುತ್ತೇವೆ.

ಎಂಜಿನ್ ಒಳಗೆ ಸಿಲಿಕಾ ಜೆಲ್ ಚೀಲ ಇಡುತ್ತೇವೆ. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತದಲ್ಲ ಸಣ್ಣ ಪೊಟ್ಟಣ, ಅದೇ ಸಾಮಾನು, ಆದರೆ ಕಿಲೋಗಟ್ಟಲೆ. ಜೊತೆಗೆ ಒಂದು ಸಣ್ಣ ಕಾರ್ಡ್ ಇರುತ್ತದೆ. ಅದರ ಮೇಲಿನ ಚುಕ್ಕಿಗಳು ಒಣಗಿದ್ದಾಗ ನೀಲಿ, ತೇವ ಏರಿದರೆ ಗುಲಾಬಿ. ಕವರ್‌ನ ಪುಟ್ಟ ಕಿಟಕಿಯಲ್ಲಿ ಬಗ್ಗಿ ಆ ಕಾರ್ಡ್ ನೋಡಬೇಕು. ಚುಕ್ಕಿ ಗುಲಾಬಿಗೆ ತಿರುಗಿದ್ದರೆ ಕವರ್ ಬಿಚ್ಚಿ, ಚೀಲಗಳನ್ನೆಲ್ಲ ಬದಲಿಸಿ, ಮತ್ತೆ ಮುಚ್ಚಬೇಕು. ಮುಂಗಾರಿನಲ್ಲಿ ನಿಂತ ವಿಮಾನದಲ್ಲಿ ಈ ಕೆಲಸ ಮುಗಿಯುವುದೇ ಇಲ್ಲ.

ಟೈರ್ ಕೂಡ ಹಾಗೇ. ಒಂದೇ ಕಡೆ ಭಾರ ಹೊತ್ತು ನಿಂತ ಟೈರ್ ಅಲ್ಲೇ ಚಪ್ಪಟೆಯಾಗುತ್ತದೆ. ಅದಕ್ಕೆ ಆಗಾಗ ವಿಮಾನವನ್ನು ಸ್ವಲ್ಪ ಎಳೆದು ಚಕ್ರ ತಿರುಗಿಸಬೇಕು. ಹೋದ ಸಲ ಯಾವ ಭಾಗ ನೆಲಕ್ಕಿತ್ತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಮುಂದಿನ ಪಾಳಿಯವರಿಗೆ ಸುಲಭ. ಎಂಜಿನ್ ಮುಚ್ಚಿಡದೆ, ಬೇಗ ಹಾರಲು ಸಿದ್ಧವಾಗಿ ಇಟ್ಟ ವಿಮಾನವಾದರೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಎಂಜಿನ್ ಓಡಿಸಿ ಬಿಸಿ ಮಾಡಬೇಕು. ಟ್ಯಾಂಕ್‌ನಲ್ಲಿ ಒಂದಿಷ್ಟು ಇಂಧನ ಬಿಡುತ್ತೇವೆ. ಗಾಳಿಗೆ ವಿಮಾನ ಅಲುಗಾಡದಂತೆ ಭಾರಕ್ಕೂ ಆಯಿತು, ಸೀಲ್‌ಗಳು ಒಣಗದಂತೆಯೂ ಆಯಿತು. ಆದರೆ ಇಂಧನದ ಕೆಳಗೆ ಸೇರುವ ನೀರಿನಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಹಾಗಾಗಿ ತಳದ ನೀರನ್ನು ಆಗಾಗ ಹೊರಗೆ ಬಿಡಬೇಕು, ಬೇಕಾದಾಗ ಔಷಧಿ ಹಾಕಬೇಕು. ಔಷಧಿಯ ಅಳತೆಯಲ್ಲಿ ಸಡಿಲ ಬಿಡುವ ಹಾಗಿಲ್ಲ. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಿಂದ ಹೊರಟ ಒಂದು ಎ321 ವಿಮಾನದ ಎರಡೂ ಎಂಜಿನ್ ತೊಂದರೆ ಕೊಟ್ಟವು. ಅದೃಷ್ಟಕ್ಕೆ ವಾಪಸ್ ಇಳಿಯಿತು. ಟ್ಯಾಂಕ್‌ಗೆ ಹಾಕಿದ್ದ ಔಷಧಿ ಹಾಕಬೇಕಾದ್ದಕ್ಕಿಂತ ಸುಮಾರು 38 ಪಟ್ಟು ಜಾಸ್ತಿ ಇತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಪ್ರಾಣಿಗಳ ಕಾಟ ಬೇರೆ. ವಿಕ್ಟರ್‌ವಿಲ್‌ನಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ವಿಮಾನಗಳ ಚಕ್ರದ ಸಂದುಗಳಲ್ಲಿ ಬುಡುಬುಡಿಕೆ ಹಾವುಗಳು ಸೇರಿಕೊಳ್ಳುತ್ತಿದ್ದವು. ಅಲ್ಲಿನ ಎಂಜಿನಿಯರ್‌ಗಳು ಪೊರಕೆಯ ಕೋಲಿನಿಂದ ಚಕ್ರ ಬಡಿದು, ಹಾವು ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕುತ್ತಿದ್ದರು. ನಮ್ಮಲ್ಲಿ ಗೊರವಂಕ, ಪಾರಿವಾಳ. ಕವರ್ ಸ್ವಲ್ಪ ಸರಿದಿದ್ದರೆ ಸಾಕು, ಮಾರನೇ ದಿನ ಕಡ್ಡಿ, ಹುಲ್ಲು ಒಳಗಿರುತ್ತದೆ.

ಆದರೆ ನಾವು ಎಲ್ಲಕ್ಕಿಂತ ಹೆದರುವುದು ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ. ವಿಮಾನದ ಮೂತಿಯ ಹತ್ತಿರ ಬೆರಳು ಗಾತ್ರದ ಪಿಟಾಟ್ ಟ್ಯೂಬ್‌ಗಳಿರುತ್ತವೆ. ಎದುರಿನ ಗಾಳಿ ಅದರ ತೂತಿನೊಳಗೆ ಎಷ್ಟು ಒತ್ತುತ್ತದೆ ಅನ್ನುವುದರ ಮೇಲೆ ಪೈಲಟ್‌ಗೆ ವೇಗ ಕಾಣುತ್ತದೆ. ಆ ತೂತು ಕಣಜಕ್ಕೆ ಹೇಳಿ ಮಾಡಿಸಿದ ಮನೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಲ್ಲಿ ಬಿರ್ಗೆನ್‌ಏರ್ ಕಂಪನಿಯ ಬೋಯಿಂಗ್ 757 ಮೇಲೇರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. 189 ಜನ ಸತ್ತರು. ಆ ವಿಮಾನ ಹಲವು ದಿನ ಹಾರದೆ ನಿಂತಿತ್ತು, ಪಿಟಾಟ್‌ಗೆ ಕವರ್ ಹಾಕಿರಲಿಲ್ಲ. ಒಂದು ಟ್ಯೂಬ್ ಕಟ್ಟಿಕೊಂಡು ತಪ್ಪು ವೇಗ ತೋರಿಸಿತ್ತು. ಟ್ಯೂಬ್ ಸಮುದ್ರದಿಂದ ಸಿಗಲೇ ಇಲ್ಲ. ಕಣಜದ ಗೂಡೇ ಇರಬೇಕು ಅಂತ ತನಿಖೆ ಮಾಡಿದವರು ಹೇಳಿದರು.

ಮುಚ್ಚದಿದ್ದರೆ ಹೀಗೆ. ಮುಚ್ಚಿದ್ದನ್ನು ತೆಗೆಯದಿದ್ದರೂ ಅಷ್ಟೇ ಅಪಾಯ. ಅದೇ ವರ್ಷ ಅಕ್ಟೋಬರ್ 2ರಂದು ಪೆರುವಿನಲ್ಲಿ ಇನ್ನೊಂದು 757 ಬಿದ್ದು 70 ಜನ ತೀರಿಕೊಂಡರು. ವಿಮಾನ ತೊಳೆಯುವಾಗ ಗಾಳಿಯೊತ್ತಡ ಅಳೆಯುವ ತೂತುಗಳಿಗೆ ಅಂಟಿಸಿದ್ದ ಟೇಪ್ ಹಾಗೇ ಉಳಿದಿತ್ತು. 2018ರಲ್ಲಿ ಬ್ರಿಸ್ಬೇನ್‌ನಿಂದ ಒಂದು ಎ330 ಪಿಟಾಟ್ ಕವರ್ ಸಮೇತವೇ ಮೇಲೇರಿತು. ಪುಣ್ಯಕ್ಕೆ ಸುರಕ್ಷಿತವಾಗಿ ವಾಪಸ್ ಇಳಿಯಿತು. ಕವರ್‌ಗಳಿಗೆ ಉದ್ದನೆಯ ಕೆಂಪು ಪಟ್ಟಿ ಕಟ್ಟುವುದು, ಹಾಕಿದ್ದೆಷ್ಟು ತೆಗೆದದ್ದೆಷ್ಟು ಅಂತ ಎಣಿಸಿ ಸಹಿ ಹಾಕುವುದು ಇದಕ್ಕೇ. ಹೊಸ ಹುಡುಗರಿಗೆ ಇದು ಬರೀ ಕಾಗದದ ಕೆಲಸ ಅನ್ನಿಸುತ್ತದೆ. ಅವರನ್ನು ಕೂರಿಸಿಕೊಂಡು ಈ ಮೂರು ಕಥೆ ಹೇಳುತ್ತೇನೆ.

ನಿಂತ ವಿಮಾನ ಮತ್ತೆ ಹಾರುವಾಗ ಕಣ್ಣಿಗೆ ಕಾಣದ ತೊಂದರೆಯೂ ಬರಬಹುದು. 2020ರ ಜುಲೈನಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಹಳೆಯ ಮಾದರಿಯ ಬೋಯಿಂಗ್ 737ಗಳ ಬಗ್ಗೆ ತುರ್ತು ಆದೇಶ ಹೊರಡಿಸಿತು. ಎಂಜಿನ್‌ನ ಒಂದು ಸಣ್ಣ ವಾಲ್ವ್ ತುಕ್ಕು ಹಿಡಿದು ಸಿಕ್ಕಿಕೊಂಡು, ನಾಲ್ಕು ವಿಮಾನಗಳಲ್ಲಿ ಒಂದೊಂದು ಎಂಜಿನ್ ಬಂದ್ ಆಗಿತ್ತು. ತಿಂಗಳುಗಟ್ಟಲೆ ಬೇಡ, ಸತತ 7 ದಿನ ನಿಂತಿದ್ದರೂ ಪರೀಕ್ಷೆ ಮಾಡಬೇಕು ಅಂತ ಹೇಳಿತು. ಟೆರುವೆಲ್‌ನಲ್ಲಿ ವರ್ಷಗಟ್ಟಲೆ ನಿಂತಿದ್ದ ಲುಫ್ತಾನ್ಸಾದ ಒಂದು ಎ380 2022ರ ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ಗೆ ವಾಪಸ್ ಹಾರಿದಾಗ ಚಕ್ರಗಳನ್ನು ಒಳಗೆ ಎಳೆದುಕೊಳ್ಳದೆ, ಹೊರಗೇ ಬಿಟ್ಟುಕೊಂಡು ಹೋಯಿತು.

ಇಲ್ಲಿವರೆಗೆ ಹೇಳಿದ್ದೆಲ್ಲ, ಆರೈಕೆಗೆ ದುಡ್ಡು ಕೊಡುವವರು ಇರುವ ವಿಮಾನದ ಕಥೆ. ಕಂಪನಿಯೇ ಮುಳುಗಿದರೆ? ನಮ್ಮಲ್ಲಿ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ಗೋ ಫಸ್ಟ್‌ನ ವಿಮಾನಗಳು ಬಾಡಿಗೆಯವು. ದಿವಾಳಿ ಕಾನೂನಿನಡಿ ಅವನ್ನು ಮಾಲೀಕರು ಕೊಂಡೊಯ್ಯುವ ಹಾಗಿರಲಿಲ್ಲ. ಮಾಲೀಕರು ದೆಹಲಿ ಹೈಕೋರ್ಟ್‌ಗೆ ಹೋದರು. ತಿಂಗಳಿಗೆ ಎರಡು ಸಲವಾದರೂ ವಿಮಾನ ನೋಡಲು, ನಿರ್ವಹಣೆ ಮಾಡಲು ಬಿಡಿ ಅಂತ ಕೋರ್ಟ್ 2023ರ ಜುಲೈನಲ್ಲಿ ಹೇಳಿತು. 54 ವಿಮಾನಗಳನ್ನು ನೋಂದಣಿಯಿಂದ ಬಿಡಿಸಿ ಅವರಿಗೆ ಕೊಡಿ ಅನ್ನುವ ಆದೇಶ ಬರುವ ಹೊತ್ತಿಗೆ 2024ರ ಏಪ್ರಿಲ್ ಕೊನೆ. ಹತ್ತಿರ ಹತ್ತಿರ ಒಂದು ವರ್ಷ, ನಡುವೆ ಒಂದು ಪೂರ್ತಿ ಮಳೆಗಾಲ. ಸಿಲಿಕಾ ಜೆಲ್ ಚೀಲ ಬದಲಿಸುವವರಿಗೆ ಸಂಬಳ ಯಾರು ಕೊಡಬೇಕು ಅನ್ನುವುದೇ ತೀರ್ಮಾನವಾಗದೆ ವಿಮಾನ ನಿಂತಿರುವುದನ್ನು ನೋಡುವುದು ನಮ್ಮಂಥವರಿಗೆ ತುಂಬಾ ಕಷ್ಟ.

2025ರಲ್ಲಿ ಸಂಸತ್ತು ವಿಮಾನಗಳ ಬಾಡಿಗೆ ಮತ್ತು ಸಾಲದ ಬಗ್ಗೆ ಹೊಸ ಕಾಯ್ದೆ ಮಾಡಿದೆ. ಬಾಡಿಗೆ, ಸಾಲ ಕೊಟ್ಟವರ ಹಕ್ಕುಗಳ ಬಗೆಗಿನ ಅಂತರರಾಷ್ಟ್ರೀಯ ಕೇಪ್‌ಟೌನ್ ಒಪ್ಪಂದವನ್ನು ನಮ್ಮ ದೇಶದಲ್ಲಿ ಜಾರಿಗೆ ತರುವ ಕಾಯ್ದೆ ಅದು. ಪತ್ರಿಕೆಗಳಲ್ಲಿ ಮಾಲೀಕರು ವಿಮಾನ ಬೇಗ ವಾಪಸ್ ಪಡೆಯುವ ವಿಷಯವೇ ಜಾಸ್ತಿ ಬಂತು. ನಾನು ಹುಡುಕಿ ಓದಿದ್ದು ಆ ಒಪ್ಪಂದದ ಇನ್ನೊಂದು ಸಾಲು. ವಿಮಾನ ಮಾಲೀಕರ ಕೈಸೇರುವವರೆಗೆ, ದಿವಾಳಿಯಾದ ಕಂಪನಿಯನ್ನು ನೋಡಿಕೊಳ್ಳುವ ಅಧಿಕಾರಿಯೇ ಅದನ್ನು ಕಾಪಾಡಬೇಕು, ನಿರ್ವಹಣೆ ಮಾಡಿಸಬೇಕು, ಅದರ ಬೆಲೆ ಕುಸಿಯದಂತೆ ನೋಡಿಕೊಳ್ಳಬೇಕು ಅಂತ ಅದರಲ್ಲಿದೆ. ಮುಂದೆ ಯಾವುದಾದರೂ ಕಂಪನಿ ಬಾಗಿಲು ಹಾಕಿದರೆ ಚಕ್ರ ತಿರುಗಿಸುವ ಕೆಲಸ ಯಾರ ಜವಾಬ್ದಾರಿ ಅಂತ ಕೇಳಲು ನಮ್ಮ ಕೈಯಲ್ಲಿ ಈಗ ಒಂದು ಕಾಗದ ಇದೆ.